ಸಾಲ ತೋರಿಸಿದರೆ ಮೋಸವೇ?

'ಸ್ವಂತ ದುಡ್ಡಿಲ್ಲದ ರೈತರ ಮಕ್ಕಳು ಸಾಲ ತೋರಿಸಿ ವಿದ್ಯಾರ್ಥಿ ವೀಸಾ ಕೇಳುವುದು ಮೋಸ' ಎಂಬ ಲೇಖನದ ವಾದ ಒಪ್ಪತಕ್ಕದ್ದಲ್ಲ.

ಮೊದಲಿಗೆ, ಮಾನ್ಯತೆ ಪಡೆದ ಸಂಸ್ಥೆಯ ಶಿಕ್ಷಣ ಸಾಲವನ್ನು ಬ್ರಿಟನ್ನಿನ ನಿಯಮವೇ ಒಪ್ಪುತ್ತದೆ. ವೀಸಾ ಕೊಡುವವರಿಗಿಲ್ಲದ ಆಕ್ಷೇಪ ಲೇಖಕರಿಗೇಕೆ?

ಎರಡನೆಯದು, ಅಲ್ಲಿ ಅಳೆಯುವುದು ಆಸ್ತಿಯನ್ನಲ್ಲ, ನಗದನ್ನು. ಉಳಿತಾಯ ತೋರಿಸುವುದಾದರೆ ಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿ ಕರಗದೆ ಇರಬೇಕು. ಕೊಣನೂರಿನ ಹೊಗೆಸೊಪ್ಪು ಬೆಳೆಗಾರರ ಪಹಣಿಯಲ್ಲಿ ಎಷ್ಟು ಎಕರೆ ಇದ್ದರೂ ಲೆಕ್ಕಕ್ಕಿಲ್ಲ. ಹೊಗೆಸೊಪ್ಪಿನ ದುಡ್ಡು ಬರುವುದು ರಾಮನಾಥಪುರದಲ್ಲಿ ಹರಾಜು ನಡೆದಾಗ; ಕಾಲೇಜಿನ ಗಡುವು ಅದಕ್ಕೆ ಕಾಯದು. ಅದಕ್ಕೇ ಸಾಲ.

ಬೇರೆ ದೇಶವನ್ನೂ ನೋಡಿ: ಜರ್ಮನಿ ವರ್ಷಕ್ಕೆ 11,904 ಯೂರೊ ಠೇವಣಿ ಇಡಿಸಿ, ತಿಂಗಳಿಗೆ 992ರಂತೆ ವಿದ್ಯಾರ್ಥಿಗೇ ಬಿಡಿಸುತ್ತದೆ. ಅಲ್ಲಿನ ಚಿಂತೆ ಊಟ-ಬಾಡಿಗೆಯದು, ಮನೆತನದ್ದಲ್ಲ.

ಕಮಿಷನ್ ಕೊಟ್ಟು ಖಾತೆ ತುಂಬಿಸಿ ತೋರಿಸುವ ದಂಧೆ ಮೋಸ, ನಿಜ. ಅದನ್ನು ಖಂಡಿಸಿ, ಜೊಳ್ಳಿನ ಜೊತೆ ಕಾಳನ್ನೂ ತೂರಬೇಡಿ.