ನಮ್ಮ ಮಾತೇ ನಮಗೆ ಕಷ್ಟವೇ?

ನಮ್ಮ ಓದಿನ ಬಳಗದಲ್ಲಿ ಜಗಳ ಹುಟ್ಟುವುದು ಒಂದೇ ಕಾರಣಕ್ಕೆ: ಮುಂದಿನ ಕಾದಂಬರಿ ಯಾವುದು? ಬಳ್ಳಾರಿಯ ನಾವು ಏಳೆಂಟು ಮಂದಿ, ಸಿರುಗುಪ್ಪದಿಂದ ಬರುವವರು ನಾಲ್ವರು, ಕುರುಗೋಡಿನವರು ಮೂವರು. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಗ್ಗರಣೆ, ಮಿರ್ಚಿ ಮುಗಿದು ಚಹಾ ಬರುವ ಹೊತ್ತಿಗೆ ಓದಿದ ಪುಸ್ತಕದ ಮಾತು ಮುಗಿದು ಓದಬೇಕಾದ ಪುಸ್ತಕದ ವಾದ ಶುರುವಾಗಿರುತ್ತದೆ.

ಕಳೆದ ಸಲ ನಾನು ಗೀತಾ ನಾಗಭೂಷಣ ಅವರ 'ಬದುಕು' ಓದೋಣ ಎಂದೆ. ಸಿರುಗುಪ್ಪದ ಅಕ್ಕ ತಕ್ಷಣ ತಲೆ ಅಲ್ಲಾಡಿಸಿದರು. "ಬ್ಯಾಡ್ರೀ ಅಕ್ಕಾ, ಅದು ಹಳ್ಳಿ ಭಾಷಿ. ನಮಗ ತಿಳಿಯಂಗಿಲ್ಲ, ಓದಾಕ ಭಾಳ ತ್ರಾಸು" ಎಂದರು. ಎಲ್ಲರೂ ಹೌದೆಂದರು. ಯಾರಿಗೂ ನಗು ಬರಲಿಲ್ಲ. ಆ ಭಾಷೆ ತಿಳಿಯುವುದಿಲ್ಲವೆಂದು ಅಕ್ಕ ಹೇಳಿದ್ದು ಹೆಚ್ಚುಕಡಿಮೆ ಆ ಭಾಷೆಯಲ್ಲೇ!

ಆ ದಿನ ವಾದ ಮಾಡಲು ನನಗೆ ಬಾಯಿ ಬರಲಿಲ್ಲ. ಈಗ ಮಾಡುತ್ತೇನೆ.

ನಾವು ಇದುವರೆಗೆ ಓದಿದ್ದೇನು? ತ್ರಿವೇಣಿಯವರ 'ಶರಪಂಜರ' ಓದಿ ಅತ್ತೆವು. ಅದು ಮೈಸೂರು ಸೀಮೆಯ ಮನೆಯ ಕನ್ನಡ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದೆವು, ಅದು ಮಲೆನಾಡು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿದೆವು, ಅದು ದೂರದ ಕಾಸರಗೋಡು. ಅಡಿಕೆ ತೋಟ, ಮಲೆನಾಡಿನ ಮಡಿ, ಕಡಲ ಸೀಮೆಯ ರೀತಿ ರಿವಾಜು, ಯಾವುದೂ ನಮ್ಮ ಕಣ್ಣಳತೆಯದಲ್ಲ. ಗೊತ್ತಿಲ್ಲದ ಪದ ಬಂದರೆ ಹಿಂದುಮುಂದಿನ ಸಾಲು ನೋಡಿ ಅರ್ಥ ಮಾಡಿಕೊಂಡೆವು. 'ಭಾಷೆ ಕಷ್ಟ' ಎಂದು ಯಾರೂ ಗೊಣಗಲಿಲ್ಲ. ಕಲಬುರಗಿ ಕನ್ನಡ ಬಂದಾಗ ಮಾತ್ರ ನಮಗೆ ಕನ್ನಡ ಬಾರದೆ ಹೋಯಿತು.

ಅವು ಒಳ್ಳೆಯ ಪುಸ್ತಕಗಳಲ್ಲವೆಂದು ನಾನು ಹೇಳುತ್ತಿಲ್ಲ. 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿ ಬರೆಯದೆ ಹೋಗಿದ್ದರೆ, ಹೆಣ್ಣಿನ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ದೆವ್ವದ ಕಾಟವಲ್ಲ ಎಂದು ನಮ್ಮಲ್ಲಿ ಎಷ್ಟೋ ಜನಕ್ಕೆ ತಿಳಿಯುತ್ತಲೇ ಇರಲಿಲ್ಲ. ನನ್ನ ತಕರಾರು ಅವರ ಮೇಲಲ್ಲ, ನಮ್ಮ ಮೇಲೆ. ಪುಸ್ತಕದ ಕನ್ನಡವೆಂದರೆ ಬೇರೆಯವರ ಕನ್ನಡ, ನಮ್ಮದು ಅಡುಗೆಮನೆಗೆ ಸಾಕು ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ಇದರಲ್ಲಿ ನನ್ನ ಪಾಲೂ ಇದೆ. ಮಗಳು ಚಿಕ್ಕವಳಿದ್ದಾಗ 'ಹಂಗ' ಅಂದರೆ ಗದರಿಸಿ 'ಹಾಗೆ' ಅನ್ನಿಸುತ್ತಿದ್ದವಳು ನಾನೇ. ಅವಳೀಗ ನಮ್ಮ ತಾಯಿಯ ಜೊತೆ ಮಾತಾಡುವಾಗ ತಡವರಿಸುತ್ತಾಳೆ.

ಗೀತಾ ನಾಗಭೂಷಣ ಯಾರು? ಕಲಬುರಗಿಯ ಗಿರಣಿ ಕಾರ್ಮಿಕನೊಬ್ಬನ ಮಗಳು. 2004ರಲ್ಲಿ 'ಬದುಕು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಕನ್ನಡದ ಹೆಣ್ಣುಮಗಳೊಬ್ಬಳಿಗೆ ಬಂದದ್ದು ಅದೇ ಮೊದಲು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2020ರಲ್ಲಿ ತೀರಿಕೊಂಡರು. ಕೂಲಿ ಮಾಡುವ, ಬೈಗುಳ ತಿನ್ನುವ, ತಿರುಗಿ ಬೈಯುವ ಹೆಂಗಸರನ್ನು ಅವರು ಬರೆದರು. ಅವರು ಬದುಕಿದ್ದಾಗ ನಮ್ಮ ಬಳಗ ಅವರದೊಂದು ಪುಸ್ತಕವನ್ನೂ ಓದಲಿಲ್ಲ.

ಎರಡನೆಯ ಆಕ್ಷೇಪ: "ಮನ್ಯಾಗ ಇಡುವಂಥ ಪುಸ್ತಕ ಏನ್ರೀ ಅದು? ಸೊಸಿ ಕೈಗೆ ಸಿಕ್ಕರ?" ಅದರಲ್ಲಿ ಒರಟು ಮಾತಿದೆಯಂತೆ. ಇದ್ದರೇನು? ನೀರಿನ ನಲ್ಲಿಯ ಹತ್ತಿರ, ಬಸ್ ನಿಲ್ದಾಣದಲ್ಲಿ ಆ ಮಾತು ದಿನವೂ ನಮ್ಮ ಕಿವಿಗೆ ಬೀಳುತ್ತದೆ. ಆಡುವವರಿಗೆ ಇಲ್ಲದ ನಾಚಿಕೆ ಓದುವ ನಮಗೇಕೆ? ಸೊಸೆಯ ಕೈಗೆ ಸಿಕ್ಕರೆ ಅವಳೂ ಓದಲಿ, ಮುಂದಿನ ತಿಂಗಳು ಅವಳನ್ನೂ ಕರೆತನ್ನಿ.

ಮೂರನೆಯದು ನ್ಯಾಯವಾದದ್ದು. ಕಲಬುರಗಿಯದು ಉರ್ದು ಬೆರೆತ ಕನ್ನಡ, ನಮ್ಮದು ತೆಲುಗು ಬೆರೆತದ್ದು, ಎರಡೂ ಒಂದೇ ಅಲ್ಲ ಎಂದರು ಕುರುಗೋಡಿನವರು. ನಿಜ. ಆದರೆ 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೇ ಸಿಹಿ ಹಂಚಿದೆವಲ್ಲ? ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿದ್ದಾರೆ. ಲಂಡನ್ನಿನ ಓದುಗರು ಅದನ್ನು ಅರಗಿಸಿಕೊಂಡರು. ಬಳ್ಳಾರಿಯವರಿಗೆ ಕಲಬುರಗಿ ಅರಗುವುದಿಲ್ಲವೇ?

ತೆಲುಗು ಬೆರೆತ ನಮ್ಮ ಮಾತೇ ಬೇಕೆಂದರೆ ಕೊಟ್ಟೂರಿನ ಕುಂ. ವೀರಭದ್ರಪ್ಪನವರ 'ಅರಮನೆ' ಇದೆ, ಅದಕ್ಕೂ 2007ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಿದೆ. 2021ರಲ್ಲಿ ಜಿಲ್ಲೆ ಒಡೆದು ಕೊಟ್ಟೂರು ವಿಜಯನಗರಕ್ಕೆ ಸೇರಿತು, ಮಾತು ಒಡೆದಿಲ್ಲ. ಅದನ್ನು ಆಮೇಲೆ ಓದೋಣ. ಹೆಂಗಸರ ಬಳಗಕ್ಕೆ ಮೊದಲು ಹೆಣ್ಣುಮಗಳ ಪುಸ್ತಕವೇ ಬರಲಿ ಎಂಬುದು ನನ್ನ ಹಟ.

ಪುಸ್ತಕ ದಪ್ಪವಿದೆ, ಒಪ್ಪುತ್ತೇನೆ. ಒಂದು ತಿಂಗಳಲ್ಲ, ಎರಡು ತಿಂಗಳು ತೆಗೆದುಕೊಳ್ಳೋಣ. ಊರಿಗೊಂದು ಪ್ರತಿ ತರಿಸಿ ಕೈಯಿಂದ ಕೈಗೆ ದಾಟಿಸೋಣ; ಎಲ್ಲರೂ ಕೊಳ್ಳಬೇಕಾಗಿಲ್ಲ.

ಮುಂದಿನ ಸಭೆ ಕುರುಗೋಡಿನಲ್ಲಿ. ಪುಸ್ತಕ ನಾನು ತರುತ್ತೇನೆ. ಮೊದಲ ಹತ್ತು ಪುಟ ಯಾರೂ ಮನಸ್ಸಿನಲ್ಲಿ ಓದಿಕೊಳ್ಳುವುದು ಬೇಡ, ಒಬ್ಬರು ಗಟ್ಟಿಯಾಗಿ ಓದಲಿ. ಓದುವವರು ಸಿರುಗುಪ್ಪದ ಅಕ್ಕನೇ ಆಗಲಿ. ಹತ್ತು ಪುಟವಾದ ಮೇಲೂ ಅವರು "ತಿಳಿಯಂಗಿಲ್ಲ" ಎಂದರೆ ನಾನು ಸೋತೆ. ಆಮೇಲೆ ಅವರು ಹೇಳಿದ ಕಾದಂಬರಿಯನ್ನೇ ಓದೋಣ.