ಹಳದಿ ಗೆರೆಯ ಈಚೆ

ಕಳೆದ ತಿಂಗಳ ಒಂದು ಸೋಮವಾರ, ಬೆಳಗಿನ ಏಳೂವರೆ ಗಂಟೆಯ ಸಮಯದಲ್ಲಿ, ಮಗಳನ್ನು ಶಾಲೆಗೆ ಬಿಟ್ಟುಬರಲೆಂದು ಕೆಳಗಿಳಿದ ನನ್ನ ಶ್ರೀಮತಿಯವರು ಐದು ನಿಮಿಷದಲ್ಲಿ ಹಿಂದಿರುಗಿದರು. ಕೈಯಲ್ಲಿ ಸ್ಕೂಟರಿನ ಕೀಲಿಕೈ, ಮುಖದಲ್ಲಿ ರೌದ್ರರಸ.

"ರೀ, ಗಾಡಿಗೆ ಬೀಗ ಹಾಕಿದ್ದಾರೆ."

"ರಾತ್ರಿ ನೀನೇ ಹಾಕಿದ್ದೆಯಲ್ಲ" ಎಂದೆ, ಪತ್ರಿಕೆಯಿಂದ ತಲೆಯೆತ್ತದೆ. ಆ ಮಾತಿನ ಪರಿಣಾಮವನ್ನು ಗೃಹಸ್ಥರಾದ ವಾಚಕರಿಗೆ ವಿವರಿಸಬೇಕಾಗಿಲ್ಲ.

ಇಳಿದು ನೋಡಿದೆ. ನಮ್ಮದು ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ, 48 ಮನೆಗಳ ಒಂದು ಅಪಾರ್ಟ್‌ಮೆಂಟು. ಅದರ ನೆಲಮಾಳಿಗೆಯಲ್ಲಿ, 17 ಎಂದು ಬರೆದ ಹಳದಿ ಚೌಕದೊಳಗೆ ನಮ್ಮ ಪುಟ್ಟ ಕಾರು ಎಂದಿನಂತೆ ನಿಂತಿತ್ತು. ಅದರ ಬೆನ್ನಿಗೂ ಗೋಡೆಗೂ ನಡುವೆ ಅಡ್ಡವಾಗಿ ನಿಲ್ಲಿಸಿದ್ದ ಸ್ಕೂಟರಿನ ಮುಂಚಕ್ರವನ್ನು ಕಬ್ಬಿಣದ ಇಕ್ಕಳವೊಂದು ಏಡಿಯಂತೆ ಹಿಡಿದುಕೊಂಡಿತ್ತು. ಆಸನದ ಮೇಲೆ ಒಂದು ಚೀಟಿ: 'ಒಂದು ಜಾಗಕ್ಕೆ ಒಂದೇ ವಾಹನ. ದಂಡ ರೂ. 500. ಕಾರ್ಯದರ್ಶಿ, ನಿವಾಸಿಗಳ ಸಂಘ.'

ಹದಿನೇಳನೆಯ ಚೌಕದ ಅಗಲ 8 ಅಡಿ, ಉದ್ದ 16 ಅಡಿ. ಗುಣಿಸಿದರೆ 128 ಚದರಡಿ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಕಾರಿನ ಉದ್ದ ಹನ್ನೆರಡು ಅಡಿಗೆ ಕೊಂಚ ಕಡಮೆ. ಉಳಿದ ನಾಲ್ಕಡಿಯಲ್ಲಿ ಸ್ಕೂಟರು ಯಾರ ಹಾದಿಗೂ ಅಡ್ಡಬಾರದೆ, ಗೆರೆಯನ್ನು ಒಂದಂಗುಲವೂ ಮೀರದೆ ನಿಲ್ಲುತ್ತದೆ. ನಮ್ಮ ಊರಮನೆಯ ಜಗುಲಿ ಇದಕ್ಕಿಂತ ದೊಡ್ಡದಾಗಿತ್ತು. ಅಲ್ಲಿ ದಾರಿಹೋಕರು ರಾತ್ರಿ ಮಲಗಿ ಬೆಳಗ್ಗೆ ಎದ್ದುಹೋಗುತ್ತಿದ್ದರು. ಅದನ್ನು ಅಳೆದವರನ್ನು ನಾನು ಕಾಣೆ. ಆದರೆ ಜಗುಲಿಗೆ ಯಾರೂ ಹಣ ಕೊಟ್ಟಿರಲಿಲ್ಲ. ಈ 128 ಚದರಡಿಗಾದರೋ, ಮನೆಯ ಬೆಲೆಯಲ್ಲದೆ ಪ್ರತ್ಯೇಕವಾಗಿ ಎರಡೂವರೆ ಲಕ್ಷ ರೂಪಾಯಿಗಳನ್ನು ಬಿಲ್ಡರಿಗೆ ಎಣಿಸಿಕೊಟ್ಟಿದ್ದೇನೆ. ಕ್ರಯಪತ್ರದ ಷೆಡ್ಯೂಲಿನಲ್ಲಿ 'ಛಾವಣಿಯುಳ್ಳ ಒಂದು ಕಾರು ನಿಲುಗಡೆ ಸಹಿತ' ಎಂಬ ಒಕ್ಕಣೆ ಇದೆ. ಅದನ್ನು ನೋಂದಣಿಯ ದಿನ ನಾನು ಎರಡು ಸಲ ಓದಿದ್ದೆ.

ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. "ಮೇಷ್ಟ್ರೇ, ಬೇಸ್‌ಮೆಂಟು ಕಾಮನ್ ಏರಿಯಾ. ಯಾರೊಬ್ಬರದೂ ಅಲ್ಲ, ಸಂಘದ್ದು. ಮಹಾಸಭೆಯಲ್ಲಿ ಆದ ನಿಯಮ. ನೀವು ಬಂದಿರಲಿಲ್ಲ" ಎಂದರು. ನಿಜ, ಆ ಭಾನುವಾರ ನಾನು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತಿದ್ದೆ. ಹಣ ಕಟ್ಟಿ, ರಸೀತಿ ಪಡೆದು, ಗಾಡಿಯನ್ನು ಬಿಡಿಸಿಕೊಂಡೆ. ಮಗಳಿಗೆ ಆ ದಿನ ಮೊದಲ ಪಾಠ ತಪ್ಪಿತು. ನನ್ನ ಎದೆಯೊಳಗೆ ಕಿಚ್ಚು ಹತ್ತಿತು.

ಕಾನೂನನ್ನು ಓದಿಯೇ ಬಿಡುವುದೆಂದು ಸಂಕಲ್ಪ ಮಾಡಿದೆ. ಕನ್ನಡ ಎಂ.ಎ. ಮಾಡಿದವನಿಗೆ ಇದೇಕೆ ಎನ್ನುವಿರಾ? ಹಳಗನ್ನಡ ಚಂಪುವಿನ ಗದ್ಯವನ್ನು ಅನ್ವಯಿಸಿ ಅಭ್ಯಾಸವಿದ್ದವನಿಗೆ ಶಾಸನಗಳ ವಾಕ್ಯಗಳು ಅಷ್ಟೇನೂ ಹೆದರಿಕೆ ಹುಟ್ಟಿಸುವುದಿಲ್ಲ. ಕ್ರಿಯಾಪದವನ್ನು ಹುಡುಕಿಕೊಂಡರೆ ಅರ್ಧ ಕೆಲಸ ಆದಂತೆಯೇ. ಆದರೆ ಕ್ರಿಯಾಪದ ಸಿಕ್ಕಿದಂತೆಲ್ಲ ನನ್ನ ಎರಡೂವರೆ ಲಕ್ಷ ಕರಗತೊಡಗಿತು.

ಮೊದಲು ಎದುರಾದದ್ದು ಮುಂಬಯಿಯ ದಹಿಸರದ ಒಂದು ವ್ಯಾಜ್ಯ. ಅಲ್ಲಿ 'ಪಾಂಚಾಲಿ' ಎಂಬ ಗೃಹಸಹಕಾರ ಸಂಘ. 56 ಮನೆಗಳು, ಕಂಬಗಳ ಮೇಲೆ ಎತ್ತಿ ಕಟ್ಟಿದ ಕಟ್ಟಡದ ಅಡಿಯಲ್ಲಿ 25 ಕಾರುಗಳ ಜಾಗ. ಆ 25 ಜಾಗಗಳು ತನ್ನವು, ಸಂಘದವರು ಅವುಗಳ ತಂಟೆಗೆ ಬರಬಾರದು ಎಂದು ನಹಾಲ್‌ಚಂದ್ ಲಾಲೂಚಂದ್ ಎಂಬ ನಿರ್ಮಾಣ ಸಂಸ್ಥೆ ದಾವೆ ಹೂಡಿತು. ಕೆಳಗಿನ ಕೋರ್ಟಿನಲ್ಲಿ ಸೋತಿತು, ಹೈಕೋರ್ಟಿನಲ್ಲಿ ಸೋತಿತು, 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನಲ್ಲಿಯೂ ಸೋತಿತು. ಕಂಬಗಳ ನಡುವಣ ತೆರಪು ಫ್ಲ್ಯಾಟಲ್ಲ, ಗ್ಯಾರೇಜೂ ಅಲ್ಲ. ಅದು ನಿವಾಸಿಗಳೆಲ್ಲರ ಸಾಮಾನ್ಯ ಪ್ರದೇಶದ ಭಾಗ. ಅದನ್ನು ಬಿಡಿಬಿಡಿಯಾಗಿ ಮಾರುವ ಹಕ್ಕು ಕಟ್ಟಿದವನಿಗಿಲ್ಲ ಎಂದು ನ್ಯಾಯಮೂರ್ತಿಗಳು ತೀರ್ಪಿತ್ತರು. ಪಾಂಚಾಲಿಯ ಹೆಸರಿದ್ದಲ್ಲಿ ನೆಲದ ಜಗಳ ಬಾರದಿದ್ದೀತೆ?

ಆ ತೀರ್ಪಿಗೆ ಆಧಾರ ಮಹಾರಾಷ್ಟ್ರದ 1963ರ ಕಾಯಿದೆ, ನಮಗೇನು ಎಂದು ಸಮಾಧಾನ ತಂದುಕೊಳ್ಳುವಷ್ಟರಲ್ಲಿ ನಮ್ಮದೇ ರಾಜ್ಯದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಕಣ್ಣಿಗೆ ಬಿತ್ತು. ಸಾಮಾನ್ಯ ಪ್ರದೇಶಗಳನ್ನು ಪಟ್ಟಿಮಾಡುವಾಗ ಅದು ಮೆಟ್ಟಿಲು, ನೆಲಮಾಳಿಗೆ, ತೋಟಗಳ ಸಾಲಿನಲ್ಲಿಯೇ ವಾಹನ ನಿಲ್ಲಿಸುವ ಜಾಗವನ್ನೂ ಸೇರಿಸಿತ್ತು. ಕಟ್ಟಡದ ಘೋಷಣಾಪತ್ರದಲ್ಲಿ ಬೇರೆ ರೀತಿ ಹೇಳಿದ್ದರೆ ಮಾತು ಬೇರೆ. ಒಂದು ಮನೆಯವರ ಉಪಯೋಗಕ್ಕೆಂದೇ ಕಾದಿರಿಸಿದ ಜಾಗಕ್ಕೂ 'ಮಿತ ಸಾಮಾನ್ಯ ಪ್ರದೇಶ' ಎಂದೇ ಹೆಸರು. ಎಂದರೆ ಬಳಕೆ ನನ್ನದಾದರೂ ನೆಲ ನಲವತ್ತೆಂಟು ಮನೆಗಳದು. ಇನ್ನು 2016ರ ಕೇಂದ್ರ ಶಾಸನ, ಜನ 'ರೇರಾ' ಎನ್ನುವುದು. ಗ್ಯಾರೇಜು ಎನ್ನಿಸಿಕೊಳ್ಳಬೇಕಾದರೆ ಮೇಲೊಂದು ಛಾವಣಿ, ಮೂರು ಕಡೆ ಗೋಡೆ ಇರತಕ್ಕದ್ದು ಎಂದು ಅದರ ವ್ಯಾಖ್ಯೆ. ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದೆ. ಛಾವಣಿ ಉಂಟು. ಗೋಡೆ, ಹಿಂದೆ ಒಂದು. ಎಡಬಲಗಳಲ್ಲಿ ಇದ್ದುದು ಹಳದಿ ಬಣ್ಣ.

ಈ ಜಗಳ ನಮ್ಮೊಬ್ಬರದಲ್ಲ ಎಂಬುದೊಂದು ಸಮಾಧಾನ. ಫ್ಲಾರಿಡಾದಲ್ಲಿರುವ ನನ್ನ ಭಾವಮೈದುನನನ್ನು ಕೇಳಿದರೆ ಅಲ್ಲಿಯ ಪುರಾಣ ಬಿಚ್ಚುತ್ತಾನೆ. ತಮ್ಮದೇ ಮನೆಯ ಮುಂದಣ ಹಾದಿಯಲ್ಲಿ ಸ್ವಂತದ ಪಿಕಪ್ ವಾಹನವನ್ನು ನಿಲ್ಲಿಸುವುದನ್ನು ಮನೆಯೊಡೆಯರ ಸಂಘಗಳು ನಿಷೇಧಿಸಕೂಡದೆಂದು 2024ರಲ್ಲಿ ಆ ರಾಜ್ಯದ ಶಾಸನಸಭೆಯೇ ಕಾಯಿದೆ ಮಾಡಬೇಕಾಯಿತು. ನಮ್ಮ ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ನೆಲ ಮಾತ್ರ ಮೊದಲಿದ್ದಷ್ಟೇ ಇದೆ.

ಮುಂದಿನ ಭಾನುವಾರ ಸಂಜೆ ತಾರಸಿಯ ಮೇಲೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ವಿಶೇಷ ಮಹಾಸಭೆ ಸೇರಿತು. ನಮ್ಮ ಜನವನ್ನು ಅರಿಯಬೇಕಾದರೆ ವಾಹನ ನಿಲುಗಡೆಯ ಸಭೆಯೊಂದಕ್ಕೆ ಹೋಗಿ ಕುಳಿತುಕೊಳ್ಳಬೇಕು. ಕಚೇರಿಯಲ್ಲಿ ಇನ್ನೂರು ಜನರನ್ನು ಆಳುವ ಗಂಭೀರ ಪುರುಷರೊಬ್ಬರು, ಪಕ್ಕದವರ ಟೈರು ಗೆರೆಯನ್ನು ತುಳಿದ ಛಾಯಾಚಿತ್ರಗಳನ್ನು ದಿನಾಂಕಸಹಿತ ಮೊಬೈಲಿನಲ್ಲಿ ಕೂಡಿಟ್ಟಿದ್ದರು. ಬಾಡಿಗೆದಾರರಿಗೆ ಎರಡನೆಯ ಕಾರು ಏಕೆಂದು ಒಬ್ಬರ ಪ್ರಶ್ನೆ. ಬಾಡಿಗೆದಾರರೂ ಮನುಷ್ಯರೆಂದು ಇನ್ನೊಬ್ಬರ ಉತ್ತರ. ಅವರ ಮನೆಯನ್ನು ಅವರು ಬಾಡಿಗೆಗೆ ಕೊಟ್ಟಿದ್ದರು. ಊರಿನಿಂದ ಬಂದ ಬೀಗರ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಅವಮಾನವಾಯಿತೆಂದು ಒಬ್ಬ ತಾಯಿ ಕಣ್ಣೀರಿಟ್ಟರು. ವಿದ್ಯುತ್ ಕಾರು ಕೊಂಡ ಯುವಕನೊಬ್ಬ ತನ್ನ ಕಂಬಕ್ಕೊಂದು ಪ್ಲಗ್ಗು ಬೇಕೆಂದು ಕೇಳಿ, ಕಟ್ಟಡವನ್ನೇ ಸುಡಲು ಬಂದವನಂತೆ ಎಲ್ಲರಿಂದ ನೋಡಿಸಿಕೊಂಡ.

ನನ್ನ ಸರದಿ ಬಂತು. ಹನ್ನೆರಡು ನಿಮಿಷ ಮಾತನಾಡಿದೆ. 1963, 1972, 2010, 2016 ಎಂದು ಇಸವಿಗಳನ್ನು ಒಂದರ ಹಿಂದೊಂದರಂತೆ ಎಸೆದೆ. ನೆಲ ಎಲ್ಲರದೆಂದು ಒಪ್ಪಿಕೊಂಡೆ. ಆದರೆ ಬಳಸುವ ಹಕ್ಕು ನನ್ನದು, ಗೆರೆಯೊಳಗೆ ಕಾರಿನ ಜೊತೆಗೆ ಸ್ಕೂಟರು ನಿಂತರೆ ಯಾರಿಗೆ ಏನು ಬಾಧಕ ಎಂದು ಕೇಳಿದೆ. ವರ್ಷಕ್ಕೊಮ್ಮೆ ರನ್ನನ 'ಗದಾಯುದ್ಧ'ವನ್ನು ಪಾಠ ಹೇಳುವವನು ನಾನು. ದುರ್ಯೋಧನನ ಛಲದ ಬಗೆಗೆ ತರಗತಿಯಲ್ಲಿ ಬೆಳೆಸಿಕೊಂಡ ಕಂಠ ತಾರಸಿಯ ಮೇಲೆ ಚೆನ್ನಾಗಿ ಮೊಳಗಿತು. ಚಪ್ಪಾಳೆಯಾಯಿತು. ಒಂದು ಕಾರು, ಒಂದು ದ್ವಿಚಕ್ರವಾಹನ ನಿಲ್ಲಬಹುದೆಂದು 27 ಕೈಗಳು ಎದ್ದುವು, ವಿರೋಧವಾಗಿ 9. ಗೆದ್ದೆ.

ಸಭೆ ಮುಗಿಯಿತೆಂದು ಕುರ್ಚಿಗಳು ಸರಿಯುತ್ತಿರುವಾಗ, ಎರಡನೆಯ ಮಹಡಿಯ ವೃದ್ಧೆಯೊಬ್ಬರು ಎದ್ದು ನಿಂತರು. ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. "ನನ್ನದೂ ಒಂದು ಅರ್ಜಿ ಇತ್ತು, ಕೊಟ್ಟು ನಾಲ್ಕು ತಿಂಗಳಾಯಿತು" ಎಂದರು. ಅವರ ಯಜಮಾನರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಕಾರನ್ನು ಈಕೆಯೇ ನಡೆಸುತ್ತಾರೆ. ಅವರ ಜಾಗ 41. ಇಳಿಜಾರಿನ ಆಚೆಯ ಮೂಲೆ. "ಆಸ್ಪತ್ರೆಯಿಂದ ಬಂದಮೇಲೆ ಅವರಿಗೆ ನಡೆಯೋದಕ್ಕಾಗೋಲ್ಲ. ಅಲ್ಲಿಂದ ಲಿಫ್ಟಿಗೆ ತೊಂಬತ್ತೆರಡು ಹೆಜ್ಜೆ. ನಡುವೆ ಕೂತ್ಕೊಳ್ಳಲಿ ಅಂತ ಕಂಬದ ಹತ್ತಿರ ಒಂದು ಸ್ಟೂಲು ಇಟ್ಟಿದ್ದೆ. ಕಾಮನ್ ಏರಿಯಾದಲ್ಲಿ ಸಾಮಾನು ಇಡಬಾರದು ಅಂತ ತೆಗೆಸಿಬಿಟ್ಟರು. ಲಿಫ್ಟಿನ ಹತ್ತಿರ ಇರೋವರು ಯಾರಾದರೂ ಜಾಗ ಬದಲಾಯಿಸಿಕೊಟ್ಟರೆ..."

ಕಾರ್ಯದರ್ಶಿಗಳು ವಿನಯದಿಂದಲೇ ಹೇಳಿದರು: "ಅಮ್ಮಾ, ಅದು ಅವರವರ ಕ್ರಯಪತ್ರದಲ್ಲಿರೋ ಜಾಗ. ಅವರವರ ಸ್ವಂತ ಆಸ್ತಿ. ಸಂಘ ಕೈಹಾಕೋ ಹಾಗಿಲ್ಲ."

ಹದಿನೈದು ದಿನಗಳ ಹಿಂದೆ ಇದೇ ಬಾಯಿ ನನಗೆ ಹೇಳಿದ್ದು ಇದರ ವಿರುದ್ಧದ ಮಾತನ್ನು. ಆ ವಿರೋಧಾಭಾಸವನ್ನು ನಾನು ಕೂಡಲೆ ಗುರುತಿಸಿದೆ. ಗುರುತಿಸಿದ್ದಕ್ಕೆ ಮನಸ್ಸಿನಲ್ಲೇ ಹಿಗ್ಗಿದೆ ಕೂಡ. ಆದರೆ ತುಟಿ ಬಿಚ್ಚಲಿಲ್ಲ. ಲಿಫ್ಟಿನ ಬಾಗಿಲಿನಿಂದ ಎಣಿಸಿದರೆ 17 ಎರಡನೆಯ ಜಾಗ. ಆ ಸಾಲಿನ ನಾಲ್ವರೂ ಸಭೆಯಲ್ಲಿದ್ದೆವು. ನಾಲ್ವರೂ ಮೊಬೈಲು ನೋಡುತ್ತಿದ್ದೆವು. ಆಕೆ ಸ್ವಲ್ಪ ಹೊತ್ತು ನಿಂತಿದ್ದು, ಸೆರಗು ಸರಿಮಾಡಿಕೊಂಡು ಕುಳಿತರು.

ಮನೆಯಲ್ಲಿ ಶ್ರೀಮತಿ ಕೇಳಿದ್ದು ಒಂದೇ ಪ್ರಶ್ನೆ. "ಅಷ್ಟೆಲ್ಲ ಕಾನೂನು ಹೇಳಿದಿರಲ್ಲ, ಆಕೆ ಕೇಳಿದಾಗ ಯಾಕೆ ಸುಮ್ಮನೆ ಕೂತಿರಿ?"

"ಅದು ಅಜೆಂಡಾದಲ್ಲಿ ಇರಲಿಲ್ಲ" ಎಂದೆ.

ಅವಳು ಅಡುಗೆಮನೆಗೆ ಹೋದಳು. ಪಾತ್ರೆಗಳು ಮಾತನಾಡಿದುವು. ಎರಡು ದಿನ ಕಳೆದ ಮೇಲೆ, ರಾತ್ರಿ ಹತ್ತು ಗಂಟೆಯ ಹೊತ್ತಿನಲ್ಲಿ, ಯಾರೂ ಇಲ್ಲದಾಗ ಕೆಳಗಿಳಿದು 41ರಿಂದ ಲಿಫ್ಟಿನವರೆಗೆ ನಡೆದು ನೋಡಿದೆ. ನನ್ನ ಕಾಲಿಗೆ ಅರವತ್ತೊಂದು ಹೆಜ್ಜೆ. ತೊಂಬತ್ತೆರಡು ಅವರ ಯಜಮಾನರ ಹೆಜ್ಜೆಗಳ ಲೆಕ್ಕ.

ಮರುದಿನ ಅವರ ಮನೆಯ ಕರೆಗಂಟೆ ಒತ್ತಿದೆ. "ಅಮ್ಮಾ, ನಾಳೆಯಿಂದ ನಿಮ್ಮ ಕಾರನ್ನು ಹದಿನೇಳರಲ್ಲಿ ನಿಲ್ಲಿಸಿ. ನಾನು ನಿಮ್ಮದರಲ್ಲಿ ನಿಲ್ಲಿಸುತ್ತೇನೆ" ಎಂದೆ. ಸಭೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಬಾಗಿಲಲ್ಲಿ ಬಂದು ಹೇಳುತ್ತಿದ್ದೇನೆಂಬುದು ಆಕೆಗೆ ತಿಳಿಯದ್ದೇನಲ್ಲ, ಆಡಿತೋರಿಸಲಿಲ್ಲ. "ಮೇಷ್ಟ್ರೇ, ನಲವತ್ತೊಂದರಲ್ಲಿ ಒಂದು ಕಂಬ ಒಳಕ್ಕೆ ಬಂದಿದೆ. ನಿಮ್ಮ ಸ್ಕೂಟರಿಗೆ ಜಾಗ ಸಾಲೋಲ್ಲವಲ್ಲ" ಎಂದರು. ಸಾಲುವುದಿಲ್ಲ. ನಾನು 27 ಕೈಗಳ ಬಹುಮತದಿಂದ ಗೆದ್ದುಕೊಂಡ ಹಕ್ಕು ಆ ಕಂಬಕ್ಕೆ ತಾಗಿ ಅಲ್ಲಿಯೇ ನಿಂತುಹೋಯಿತು. ಸ್ಕೂಟರು ಈಗ ಎದುರುಬೀದಿಯ ಹೊಂಗೆಯ ಮರದಡಿ ನಿಲ್ಲುತ್ತದೆ. ಕಾಗೆಗಳಿಗೆ ಆಕ್ಷೇಪಣೆ ಇಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆ ಗುರುವಾರ ಬೆಳಗ್ಗೆ ಆರು ಗಂಟೆಗೆ ಕಾವಲುಗಾರ ಬಾಗಿಲು ಬಡಿದ. ಹದಿನೇಳರಲ್ಲಿ ನಿಂತಿದ್ದ ಆಕೆಯ ಕಾರಿಗೂ, ನಲವತ್ತೊಂದರಲ್ಲಿ ನಿಂತಿದ್ದ ನಮ್ಮ ಕಾರಿಗೂ ಇಕ್ಕಳ ಬಿದ್ದಿತ್ತು. ಗಾಜಿನ ಮೇಲಣ ಸ್ಟಿಕ್ಕರಿನ ಸಂಖ್ಯೆಗೂ ನೆಲದ ಸಂಖ್ಯೆಗೂ ತಾಳೆಯಿಲ್ಲವಂತೆ. ಅದು ಡಯಾಲಿಸಿಸಿನ ದಿನ. ಲಿಫ್ಟಿನ ಬಾಗಿಲಲ್ಲಿ ವೃದ್ಧರು ಗೋಡೆ ಹಿಡಿದು ನಿಂತಿದ್ದರು. "ಸಾರ್, ನಾನಾಗಿ ತೆಗೆದರೆ ಕೆಲಸ ಹೋಗುತ್ತೆ" ಎಂದು ಹುಡುಗ ಕೈಮುಗಿದ. ಸಾವಿರ ರೂಪಾಯಿ ತಂದು ಅವನ ಕೈಗಿಟ್ಟೆ. ಇಕ್ಕಳ ಬಿಚ್ಚಿತು, ಅವರು ಆಸ್ಪತ್ರೆಗೆ ಹೋದರು.

ರಸೀತಿಗಳು ಸಂಜೆ ಬಂದುವು. ಹಳೆಯದನ್ನೂ ತೆಗೆದು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಒಂದೇ ಪುಸ್ತಕದ ಹಾಳೆಗಳು, ಒಂದೇ ಕೈಯ ಸಹಿ. ಮೊದಲನೆಯದರಲ್ಲಿ 'ಕಾರಣ' ಎಂಬಲ್ಲಿ, 'ಸಾಮಾನ್ಯ ಪ್ರದೇಶದ ದುರುಪಯೋಗ' ಎಂದಿದೆ. ಹೊಸ ಎರಡರಲ್ಲಿ, 'ಇನ್ನೊಬ್ಬರ ಸ್ವತ್ತಿನಲ್ಲಿ ವಾಹನ ನಿಲುಗಡೆ.'

ಮುಂದಿನ ಮಹಾಸಭೆ ಬರುವ ತಿಂಗಳ ಎರಡನೆಯ ಭಾನುವಾರ. ಜಾಗದ ಅದಲುಬದಲಿಗೆ ಇಬ್ಬರೂ ಸಹಿ ಮಾಡಿದ ಕಾಗದವನ್ನು, ಈ ಮೂರು ರಸೀತಿಗಳ ಪ್ರತಿಯೊಡನೆ, ಈಗಾಗಲೇ ಕೊಟ್ಟಿದ್ದೇವೆ. ಈ ಸಲ ಅದು ಅಜೆಂಡಾದಲ್ಲಿ ಮೊದಲನೆಯ ವಿಷಯ; ಲಿಖಿತವಾಗಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಅಲ್ಲಿಯ ತನಕ ವಾರಕ್ಕೆ ಮೂರು ದಿನ ಬೆಳಗ್ಗೆ ನಾನು ಐದೂವರೆಗೆ ಏಳುತ್ತೇನೆ. ಆಕೆಯ ಕಾರನ್ನು ಮೂಲೆಯಿಂದ ಲಿಫ್ಟಿನ ಬಾಗಿಲಿಗೆ ತಂದು ನಿಲ್ಲಿಸಿ, ಅವರು ಹತ್ತಿ ಕುಳಿತುಕೊಳ್ಳುವ ತನಕ ಬಾಗಿಲು ಹಿಡಿದುಕೊಂಡಿರುತ್ತೇನೆ. ಚಲಿಸುವ ವಾಹನದ ಬಗೆಗೆ ಸಂಘದ ನಿಯಮಾವಳಿಯಲ್ಲಿ ಏನೂ ಬರೆದಿಲ್ಲ. ಅದನ್ನೂ ಓದಿ ನೋಡಿದ್ದೇನೆ.