‘ಶುಗರ್’ ಶಬ್ದದ ಕುಲಗೋತ್ರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ವಿದ್ಯಾವಂತರಲ್ಲಿ ಎರಡು ಬಗೆಯ ಶಬ್ದಪರೀಕ್ಷಕರು ಕಂಡುಬರುವರು. ಒಬ್ಬರು, ‘ಸಕ್ಕರೆ’ಯು ಉರ್ದುವಿನ ‘ಶಕ್ಕರ್’ನಿಂದ ಬಂದುದೆಂದು ಅದನ್ನು ಕನ್ನಡದ ಪಂಕ್ತಿಯಿಂದ ಎಬ್ಬಿಸಹೊರಟವರು. ಮತ್ತೊಬ್ಬರು, ಇಂಗ್ಲಿಷಿನ ‘ಶುಗರ್’ ಸಂಸ್ಕೃತದಿಂದ ಕದ್ದ ಒಡವೆಯೆಂದು ಮೀಸೆ ತಿರುವುವವರು. ಇವೆರಡೂ ವಾದಗಳು ವಿಚಾರದ ಮುಂದೆ ನಿಲ್ಲಲಾರವು.

ಸಂಸ್ಕೃತದಲ್ಲಿ ‘ಶರ್ಕರಾ’ ಎಂದರೆ ಮೊದಲು ಹರಳು, ನೊರಜುಗಲ್ಲು. ಸುಶ್ರುತನು ಮೂತ್ರದಲ್ಲಿ ಬೀಳುವ ಹರಳಿಗೂ ಇದೇ ಹೆಸರನ್ನು ಹೇಳಿರುವನು. ಕಬ್ಬಿನ ರಸವು ಕುದಿದು ಹರಳುಗಟ್ಟಿದುದರಿಂದ ಅದಕ್ಕೂ ಆ ಹೆಸರು ಸಂದಿತು. ಪ್ರಾಕೃತದಲ್ಲಿ ಅದು ‘ಸಕ್ಕರಾ’ ಆಯಿತು, ಕನ್ನಡದಲ್ಲಿ ‘ಸಕ್ಕರೆ’. ಶಕಾರಕ್ಕೆ ಸಕಾರವು ಬರುವುದನ್ನು 13ನೆಯ ಶತಮಾನದ ಕೇಶಿರಾಜನು ಅಪಭ್ರಂಶ ಪ್ರಕರಣದಲ್ಲಿ ವಿಧಿಸಿರುವನು. ‘ಶಶಿ’ ‘ಸಸಿ’ಯಾದುದು ಹೀಗೆಯೇ. ‘ರ್ಕ’ಕಾರವು ‘ಕ್ಕ’ ಆಗುವುದಕ್ಕೆ ‘ಅರ್ಕ’ವು ‘ಎಕ್ಕ’ವಾದುದೇ ಸಾಕ್ಷಿ. ಕಲಬುರ್ಗಿಯಲ್ಲಿ ಬಹಮನೀ ಸುಲ್ತಾನರ ಗದ್ದುಗೆ ಏರ್ಪಟ್ಟುದು 1347ರಲ್ಲಿ. 12ನೆಯ ಶತಮಾನದ ವಚನಕಾರರು ಆಗಲೇ ಸಕ್ಕರೆಯ ದೃಷ್ಟಾಂತವನ್ನು ಕೊಟ್ಟಿದ್ದರು. ಪಾರಸಿಯ ‘ಶಕರ್’ ಸಹ ಭರತಖಂಡದಿಂದಲೇ ಹೋದುದು. ಮೊಮ್ಮಗನು ಅಜ್ಜನನ್ನು ಹೆತ್ತನೆಂಬುದು ಯಾವ ಶಾಸ್ತ್ರ?

ಇನ್ನು ಕಳವಿನ ಮಾತು. ಪಾರಸಿಯ ‘ಶಕರ್’ ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ, ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಹಾದು ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ಗ್ರೀಕರ ಬಾಯಲ್ಲಿ ‘ಸಾಖರೋನ್’ ಆದುದರಿಂದ ‘ಸ್ಯಾಕರಿನ್’ ಹುಟ್ಟಿತು. ಪೋರ್ಚುಗೀಜರು ಬೆಲ್ಲದೊಡನೆ ಒಯ್ದ ರೂಪವೇ ‘ಜಾಗರಿ’. ‘ಖಂಡ’ವು ‘ಕ್ಯಾಂಡಿ’ ಆಯಿತು. ಸರಕಿನೊಡನೆ ಹೆಸರೂ ವರ್ತಕರ ಹೇರಿನಲ್ಲಿ ಹೋಯಿತು. ಬೆಲೆ ತೆತ್ತು ಕೊಂಡವನನ್ನು ಕಳ್ಳನೆನ್ನುವುದು ನ್ಯಾಯವಲ್ಲ. ಅದು ಕಳವೇ ಆದರೆ, ‘ಜಿಲ್ಲೆ’, ‘ತಾಲ್ಲೂಕು’ ಎಂಬ ಅರಬ್ಬಿ ಶಬ್ದಗಳಿಲ್ಲದೆ ಈ ಮಹನೀಯರು ತಮ್ಮ ವಿಳಾಸವನ್ನು ಹೇಗೆ ಬರೆಯುವರು?

ಈ ವಾದವು ಕೇವಲ ಪಂಡಿತರ ವಿನೋದವಲ್ಲ. ‘ಇದು ಅವರ ಮಾತು, ಇದು ನಮ್ಮ ಮಾತು’ ಎಂದು ಮನೆಯಲ್ಲಿ ಕೇಳಿದ ಮಗುವು ಶಬ್ದದ ಮೇಲಿನ ಹಗೆಯನ್ನು ನಾಳೆ ಆಡುವವನ ಮೇಲೆ ತಿರುಗಿಸುವುದು. ಭೀಮಾತೀರದಲ್ಲಿ ಬೆಳೆದ ಕಬ್ಬು ಒಂದೇ. ಅದರಿಂದಾದುದನ್ನು ನೆರೆಯ ಅಕ್ಕಲಕೋಟೆಯ ಮರಾಠಿಗರು ‘ಸಾಖರ’ ಎನ್ನುವರು, ಉರ್ದು ಬಲ್ಲವರು ‘ಶಕ್ಕರ್’ ಎನ್ನುವರು, ಕನ್ನಡಿಗರು ‘ಸಕ್ಕರೆ’ ಎನ್ನುವರು. ಈ ಸೀಮೆಯ ದರ್ಗಾಗಳಲ್ಲಿ ಸಕ್ಕರೆ ಓದಿಸಿಕೊಂಡು ಬರುವ ಗೃಹಿಣಿಯು ಅದರ ಕುಲವನ್ನು ಕೇಳುವುದಿಲ್ಲ. ಕೇಳಿಯೇ ತೀರಬೇಕೆಂಬವರು ಪೂರ್ತಿಯಾಗಿ ಕೇಳಲಿ. ಮೂವರೂ ಒಂದೇ ತಾಯಿಯ ಮಕ್ಕಳೆಂಬುದು ಆಗ ತಾನೇ ತಿಳಿಯುವುದು.